ಕಾಗುಣಿತ

ಮರೆತಿಲ್ಲ ನಾನು. ಅದನ್ನೇ ಯಾರೂ ನಂಬುವುದಿಲ್ಲ.
ವಾಕ್ಯ ಬಾಯಲ್ಲೇ ಇದೆ,
ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯೇನು.
ಮರೆತದ್ದು ಬೆರಳು.

ಹಟ್ಟಿಯ ಪರೀಕ್ಷಾಲಯದಲ್ಲಿ ಇಪ್ಪತ್ತಾರು ವರ್ಷ
ಕಲ್ಲಿನ ಪುಡಿಯನ್ನು ಸೀಸದ ಜೊತೆ ಮೂಸೆಗೆ ಹಾಕಿದವನು.
ಮೂಳೆಬೂದಿಯ ಬಟ್ಟಲು ಸೀಸವನ್ನೆಲ್ಲ ಕುಡಿದ ಮೇಲೆ
ತಳದಲ್ಲಿ ಉಳಿಯುವ ಸಾಸಿವೆಯಷ್ಟು ಹೊಳಪನ್ನು
ತೂಗಿ, ಬರೆದು, ಸಹಿ ಹಾಕುತ್ತಿದ್ದೆ:
ಟನ್ನಿಗೆ ಇಷ್ಟು ಗ್ರಾಮು.
ಕಲ್ಲು ಕೂಡ ಕೊನೆಗೆ ಬಾಯಿಬಿಡುತ್ತಿತ್ತು.

ಪಾಳಿ ಮುಗಿದ ಮೇಲೆ ಅವರು ನನ್ನ ಕೋಣೆಗೆ ಬರುತ್ತಿದ್ದರು,
ಒಬ್ಬೊಬ್ಬರೇ, ಕಿವಿಯ ಸುರುಳಿಯಲ್ಲಿ ಇನ್ನೂ ಬಿಳಿ ಧೂಳು.
ರೆಕಾರ್ಡರನ್ನು ಚಹಾದ ಲೋಟಕ್ಕೆ ಒರಗಿಸಿ
ಹೇಳ್ರಿ ಅನ್ನುತ್ತಿದ್ದೆ.
ಚನ್ನಬಸಯ್ಯ ಹೇಳಿದ, ಕೆಳಗೆ ದೀಪ ಆರಿಸಿಕೊಂಡು ಅಳುವುದು ಸಲೀಸು ಎಂದು.
ದೌಲಸಾಬ ಒಂದು ಹೆಣ್ಣಿನ ಹೆಸರು ಹೇಳಿ
ಕಾಲು ತಾಸು ಸುಮ್ಮನೆ ಕೂತ;
ಆ ಕಾಲು ತಾಸನ್ನೂ ನಾನು ಅಳಿಸಲಿಲ್ಲ.
ಹುಲಿಗೆಪ್ಪ ಹಾಡಲು ಹೋಗಿ ಕೆಮ್ಮಿದ. ಹಾಡಿಗಿಂತ ಕೆಮ್ಮೇ ಉದ್ದ.
ನಲವತ್ತೊಂದು ಮಂದಿ. ಎಲ್ಲರದೂ ಒಂದೇ ಷರತ್ತು:
"ಸಾಹೇಬ್ರ, ಇದು ಹೊರಗ ಹೋಗಬಾರದು."
ಹೋಗಲ್ರಿ, ಅಂದೆ.

ಹೋಗಲಿಲ್ಲ.
ಕೊಟ್ಟ ಮಾತನ್ನು ಇಷ್ಟು ಬಿಗಿಯಾಗಿ ಉಳಿಸಿಕೊಂಡವನು
ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಬೀಗಕ್ಕೆ ಇಟ್ಟ ವಾಕ್ಯ,
ಗಣಿಯ ಬಾಯಲ್ಲಿ ನಿಂತು ಹಿತ್ತಾಳೆ ಬಿಲ್ಲೆ ಇಸಿದುಕೊಳ್ಳುತ್ತಿದ್ದ ಅಮರಪ್ಪ
ಹೊಸ ಹುಡುಗರಿಗೆ ದಿನಾ ಒದರುತ್ತಿದ್ದದ್ದು:
ಇಳದಾವರನ್ನ ಎಣಸು, ಏರಿದಾವರನ್ನ ಎಣಸು.
ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ.
ಯಾವ ಕಳ್ಳನಿಗೆ ಹೊಳೆದೀತು ಎಂದು ಒಬ್ಬನೇ ನಕ್ಕಿದ್ದೆ.

ಈಗ ಹೇಳಿ,
ಳಕಾರಕ್ಕೆ ದೊಡ್ಡಕ್ಷರ ಒತ್ತಿದ್ದೆನೋ, ಸಣ್ಣದೋ?
ಣಕಾರಕ್ಕೆ ಒಂದೇ ಎನ್ನೋ, ಜೋಡಿಯೋ?
ಏರುವ ಏಕಾರದ ಮುಂದೆ ಒಂದು ವೈ ನಿಂತಿತ್ತೆ?
ಇಳದಾವರೋ, ಇಳಿದವರೋ?
ಮನೆಯಲ್ಲಿ ಮಾತಾಡಿದಂತೆ ಬರೆದೆನೋ
ಸಾಲಿ ಮಾಸ್ತರರ ಬೆತ್ತಕ್ಕೆ ಹೆದರಿ ತಿದ್ದಿ ಬರೆದೆನೋ?
ನಡುವೆ ಉಸಿರು ತೆಗೆದುಕೊಂಡಿದ್ದೆನೋ, ಇಲ್ಲವೋ?

ಲಿಂಗಸುಗೂರಿನ ಅಂಗಡಿಯ ಹುಡುಗ ಯಮನೂರ ಅಂದೇ ಹೇಳಿದ್ದ,
"ಸರ, ಇದು ಆಪತ್ತಿನ ಕೀಲಿ, ಜ್ವಾಪಾನ."
ಬಿಲ್ಲು ಕೊಡುವ ಯಂತ್ರದಲ್ಲೇ
ನಲವತ್ತೆಂಟು ಅಂಕಿ ಒತ್ತಿ ಹರಿದುಕೊಟ್ಟಿದ್ದ.
ಟ್ರಂಕಿನ ತಳದಲ್ಲಿ, ನಿವೃತ್ತಿಯ ದಿನ ಹೊದಿಸಿದ ಶಾಲಿನ ಮಡಿಕೆಯೊಳಗೆ ಇಟ್ಟೆ.
ನಾಲ್ಕು ಬೇಸಿಗೆ. ತಗಡಿನ ಮಾಡು.
ತೆಗೆದಾಗ ಚೀಟಿ ಜೋಳದ ಹಿಟ್ಟಿನಷ್ಟು ಬಿಳುಪು.
ರಾಯಚೂರ ಸೀಮೆಯ ಬಿಸಿಲು ಒಂದೊಂದೇ ಅಂಕಿ ಓದಿಕೊಂಡು ಹೋಗಿತ್ತು.
ಕಿಟಕಿಗೆ ಹಿಡಿದೆ. ದೀಪಕ್ಕೆ ಹಿಡಿದೆ. ಮೂಸಿಯೂ ನೋಡಿದೆ.

ತೀನ್ ಕಂದೀಲಿನ ಹತ್ತಿರ, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಇಶ್ರತ್ ಬೇಗಂ ಕಣ್ಣಿಗೆ ದುರ್ಬೀನು ಕಚ್ಚಿಸಿಕೊಂಡು ನೋಡಿದಳು.
"ಅಳಸೂದು ಐದ್ ನಿಮಿಷ್ರಿ. ತಗಿಯೂದು..."
ಮಾತು ಮುಗಿಸಲಿಲ್ಲ, ದುಡ್ಡೂ ಮುಟ್ಟಲಿಲ್ಲ.
"ಬೀಗ ಮಾತ್ರ ಛಲೋ ಹಾಕೀರಿ" ಎಂದಳು,
ನಿಜವಾದ ಮೆಚ್ಚುಗೆಯಿಂದ.

ಹೋದ ವಾರ ಹುಲಿಗೆಪ್ಪನ ಮಗಳು ಬಂದಿದ್ದಳು.
ಅಪ್ಪನ ತಿಥಿ ಹತ್ತಿರ ಬಂದಿದೆ.
"ಹಾಡು ಬ್ಯಾಡ್ರಿ ಕಾಕಾ, ಕೆಮ್ಮು ಆದ್ರೂ ಕೇಳಸ್ರಿ."
ಹೇಗೆ ಹೇಳಲಿ, ಲ್ಯಾಪ್‌ಟಾಪನ್ನೇ ತಂದು ಮುಂದಿಟ್ಟೆ.
ಅವಳು ಅದರ ಮೇಲೆ ಅಂಗೈ ಇಟ್ಟು
"ಬೆಚ್ಚಗದ" ಎಂದಳು.
ಇಬ್ಬರೂ ಚಹಾ ಕುಡಿದೆವು.

ವಾಕ್ಯವನ್ನು ಮೇಲೆ ಬರೆದುಬಿಟ್ಟಿದ್ದೇನೆ, ನೋಡಿದಿರಲ್ಲ.
ಬೇಕಾದವರು ಒಯ್ಯಲಿ. ಹೆದರಿಕೆ ಏನೂ ಉಳಿದಿಲ್ಲ.
ರಾತ್ರಿಪಾಳಿಯ ಸೈರನ್ನಾದ ಮೇಲೆ
ಹಳೆಯ ಪರೀಕ್ಷೆ ಪುಸ್ತಕದಲ್ಲಿ ಗೀಟು ಹಾಕಿಕೊಂಡು ಕೂರುತ್ತೇನೆ:
ಎಂಟುನೂರ ಹದಿಮೂರನೆಯ ಕಾಗುಣಿತ, ತಪ್ಪು.
ಎಂಟುನೂರ ಹದಿನಾಲ್ಕು.
ಎಡಗಡೆಯ ಸಾಲಿನಲ್ಲಿ, ಇಳಿದವರು ನಲವತ್ತೊಂದು.
ಬಲಗಡೆ ಪೆನ್ನು ಊರಿ
ಅಷ್ಟು ಹೊತ್ತು ಹಿಡಿದಿದ್ದಕ್ಕೆ ಒಂದು ಚುಕ್ಕೆ ಮೂಡಿದೆ.